ಪಿತ್ತಕೋಶದ ಪಾಲಿಪ್: ಸ್ಕ್ಯಾನಿಂಗ್‌ನಲ್ಲಿ ಗುರುತಿಸುವ, ಅಳೆಯುವ, ಮತ್ತೆ ನೋಡುವ ಕ್ರಮ

ಹೊಟ್ಟೆಯ ಸ್ಕ್ಯಾನಿಂಗ್ ರಿಪೋರ್ಟಿನಲ್ಲಿ ಲಿವರಿನ ವಿವರ ಮುಗಿದ ಕೂಡಲೇ ಪಿತ್ತಕೋಶದ ಸಾಲು ಬರುತ್ತದೆ. ಆ ಸಾಲಿನಲ್ಲಿ ‘ಜಿಬಿ ಪಾಲಿಪ್, 4 ಮಿ.ಮೀ.’ ಎಂದು ಕಂಡರೆ ಓದಿದವರ ಎದೆ ಧಸಕ್ಕೆನ್ನುತ್ತದೆ. ಬೆನ್ನುನೋವಿಗೋ, ಉರಿಮೂತ್ರಕ್ಕೋ, ವರ್ಷಕ್ಕೊಮ್ಮೆಯ ಆರೋಗ್ಯ ತಪಾಸಣೆಗೋ ಮಾಡಿಸಿದ ಸ್ಕ್ಯಾನಿಂಗ್‌ನಲ್ಲಿ ಈ ಪದ ಹೇಳದೆ ಕೇಳದೆ ಬಂದು ಕೂತಿರುತ್ತದೆ. ಪಾಲಿಪ್ ಎಂದರೆ ಗಡ್ಡೆ, ಗಡ್ಡೆ ಎಂದರೆ ಕ್ಯಾನ್ಸರ್ ಎಂಬ ಲೆಕ್ಕ ಮನೆ ತಲುಪುವಷ್ಟರಲ್ಲಿ ಮುಗಿದಿರುತ್ತದೆ.

ನಾನು ರೇಡಿಯಾಲಜಿ ವೈದ್ಯೆ. ಆ ಸಾಲನ್ನು ಬರೆಯುವ ಕಡೆ ಕುಳಿತವಳು. ವಯಸ್ಕರಲ್ಲಿ ಸುಮಾರು 100ಕ್ಕೆ 5 ಜನರ ಪಿತ್ತಕೋಶದಲ್ಲಿ ಇಂಥದೊಂದು ಚುಕ್ಕೆ ಸ್ಕ್ಯಾನಿಂಗ್‌ನಲ್ಲಿ ಕಾಣುತ್ತದೆ, ಮತ್ತು ಅವುಗಳಲ್ಲಿ ಬಹುಪಾಲು ನಿರಪಾಯಕಾರಿ. ಆದರೆ ‘ನಿರಪಾಯಕಾರಿ’ ಎಂಬ ಮಾತನ್ನು ಸಮಾಧಾನಕ್ಕಾಗಿ ಹೇಳುವಂತಿಲ್ಲ, ನೋಡಿ ಹೇಳಬೇಕು. ಚುಕ್ಕೆ ಅಲುಗುತ್ತದೆಯೇ, ಅದರ ಹಿಂದೆ ನೆರಳು ಬೀಳುತ್ತದೆಯೇ, ಅದರ ಬುಡ ಗೋಡೆಗೆ ಹೇಗೆ ಅಂಟಿದೆ, ಅದು ಎಷ್ಟು ಮಿಲಿಮೀಟರ್ ಇದೆ ಎಂಬ ನಾಲ್ಕು ಪ್ರಶ್ನೆಗಳಿಗೆ ಉತ್ತರ ಸಿಕ್ಕ ಮೇಲೆಯೇ ‘ಪಾಲಿಪ್’ ಎಂಬ ಪದಕ್ಕೆ ಅರ್ಥ ಬರುವುದು. ರಿಪೋರ್ಟು ಕೈಯಲ್ಲಿ ಹಿಡಿದು ಚಿಂತಿಸುತ್ತಿರುವವರಿಗೂ, ಈಗಷ್ಟೇ ಸ್ಕ್ಯಾನಿಂಗ್ ಯಂತ್ರದ ಪ್ರೋಬ್ ಹಿಡಿಯುತ್ತಿರುವ ಕಿರಿಯ ವೈದ್ಯರಿಗೂ ಉಪಯೋಗವಾಗಲೆಂದು ಆ ಉತ್ತರಗಳನ್ನು ಪಡೆಯುವ ಕ್ರಮವನ್ನು ಇಲ್ಲಿ ಬರೆಯುತ್ತಿದ್ದೇನೆ.

ಹುಡುಕುತ್ತಿರುವುದು ಏನನ್ನು?

ಪಿತ್ತಕೋಶವು ಬಲಪಕ್ಕೆಲುಬುಗಳ ಕೆಳಗೆ, ಲಿವರಿನ ತಳಭಾಗಕ್ಕೆ ಅಂಟಿಕೊಂಡಿರುವ, ಸುಮಾರು 7ರಿಂದ 10 ಸೆಂ.ಮೀ. ಉದ್ದದ ಚೀಲ. ಲಿವರಿನಲ್ಲಿ ತಯಾರಾದ ಪಿತ್ತರಸ ಇಲ್ಲಿ ಸೇರಿ ಗಟ್ಟಿಯಾಗುತ್ತದೆ. ಜಿಡ್ಡಿನ ಊಟ ಕರುಳಿಗೆ ಇಳಿದಾಗ ಚೀಲ ಕುಗ್ಗಿ ರಸವನ್ನು ಹೊರದೂಡುತ್ತದೆ. ಈ ಚೀಲದ ಒಳಗೋಡೆಯಿಂದ ಎದ್ದು ಪಿತ್ತರಸದೊಳಗೆ ಚಾಚಿಕೊಂಡಿರುವ ಯಾವುದೇ ಉಬ್ಬನ್ನು ಪಾಲಿಪ್ ಎನ್ನುತ್ತಾರೆ. ಹೀಗೆ ಒಂದೇ ಹೆಸರಿನಡಿ ಬೇರೆ ಬೇರೆ ಸ್ವಭಾವದವು ಸೇರಿಕೊಂಡಿವೆ.

ಅವುಗಳಲ್ಲಿ ಅತಿ ಹೆಚ್ಚು ಕಾಣುವುದು ಕೊಲೆಸ್ಟೆರಾಲ್ ಪಾಲಿಪ್. ಕೊಲೆಸ್ಟೆರಾಲ್ ತುಂಬಿಕೊಂಡ ಜೀವಕೋಶಗಳು ಒಳಪದರದ ಕೆಳಗೆ ಗುಂಪುಗೂಡಿ ಸಣ್ಣ ಹರಳಿನಂತೆ ಉಬ್ಬುತ್ತವೆ. ಸಾಮಾನ್ಯವಾಗಿ ಒಂದಕ್ಕಿಂತ ಹೆಚ್ಚಿರುತ್ತವೆ, ಬಹುತೇಕ 10 ಮಿ.ಮೀ. ದಾಟುವುದಿಲ್ಲ, ಮತ್ತು ಕ್ಯಾನ್ಸರಿಗೆ ತಿರುಗುವುದಿಲ್ಲ. ರಕ್ತದ ಕೊಲೆಸ್ಟೆರಾಲ್ ಮಟ್ಟ ಸರಿಯಾಗಿರುವವರಲ್ಲೂ ಇವು ಇರುತ್ತವೆ. ಆದ್ದರಿಂದ ‘ನಾನು ತುಪ್ಪ ತಿಂದದ್ದಕ್ಕೇ ಬಂತು’ ಎಂದು ಯಾರೂ ಕೊರಗಬೇಕಾಗಿಲ್ಲ. ಎರಡನೆಯದು ಅಡೆನೊಮಯೊಮಟೋಸಿಸ್, ಅಂದರೆ ಗೋಡೆಯ ಸ್ನಾಯುಪದರ ದಪ್ಪಗಾಗಿ ಅದರೊಳಗೆ ಸಣ್ಣ ಸಣ್ಣ ಗೂಡುಗಳಾಗುವುದು. ಇದೂ ನಿರಪಾಯಕಾರಿ, ಹೆಚ್ಚಾಗಿ ಪಿತ್ತಕೋಶದ ತುದಿಯಲ್ಲಿ ಕಾಣುತ್ತದೆ. ಉರಿಯೂತದಿಂದಾದ ಪಾಲಿಪ್‌ಗಳೂ ಉಂಟು. ಈ ಮೂರನ್ನೂ ಹುಸಿ ಪಾಲಿಪ್‌ಗಳೆಂದು ಕರೆಯುವುದು ರೂಢಿ. ನಿಜವಾದ ಗಡ್ಡೆಯಾಗಿ ಬೆಳೆಯುವುದು ಅಡೆನೋಮ. ಅದು ತಾನಾಗಿ ನಿರಪಾಯಕಾರಿಯೇ, ಸಾಮಾನ್ಯವಾಗಿ ಒಂಟಿಯಾಗಿರುತ್ತದೆ, ಆದರೆ ಕೆಲವೊಮ್ಮೆ ಮುಂದೆ ಕ್ಯಾನ್ಸರಿಗೆ ತಿರುಗಬಲ್ಲದು. ಸಣ್ಣ ಅಡೆನೋಮವನ್ನೂ ಸಣ್ಣ ಕೊಲೆಸ್ಟೆರಾಲ್ ಪಾಲಿಪ್ಪನ್ನೂ ಪರದೆಯ ಮೇಲೆ ಖಚಿತವಾಗಿ ಬೇರ್ಪಡಿಸಲು ಅನೇಕ ಸಲ ಆಗುವುದಿಲ್ಲ. ಇದನ್ನು ಮುಚ್ಚಿಡದೆ ಹೇಳಬೇಕು, ಏಕೆಂದರೆ ಅಳತೆಗೆ ಮತ್ತು ಮರುಸ್ಕ್ಯಾನಿಂಗ್‌ಗೆ ಇಷ್ಟು ಮಹತ್ವ ಬಂದಿರುವುದು ಇದರಿಂದಲೇ.

ಹಿಂದಿನ ರಾತ್ರಿಯ ಸಿದ್ಧತೆ

ಪರೀಕ್ಷೆ ಚೆನ್ನಾಗಿ ಆಗುವುದೋ ಇಲ್ಲವೋ ಎಂಬುದು ಅರ್ಧದಷ್ಟು ಹಿಂದಿನ ರಾತ್ರಿಯೇ ತೀರ್ಮಾನವಾಗಿರುತ್ತದೆ. ಕನಿಷ್ಠ 6 ಗಂಟೆ, ಸಾಧ್ಯವಿದ್ದರೆ 8 ಗಂಟೆ ಏನನ್ನೂ ತಿನ್ನದೆ ಬರಬೇಕು. ರಾತ್ರಿ ಹಗುರವಾದ ಊಟ ಮಾಡಿ, ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಸ್ಕ್ಯಾನಿಂಗ್‌ಗೆ ಬರುವುದು ಎಲ್ಲಕ್ಕಿಂತ ಸುಲಭವಾದ ಏರ್ಪಾಡು.

ನಮ್ಮ ಕಡೆ ಕೆಡುವುದು ಒಂದು ಲೋಟ ಕಾಫಿಯಿಂದ. ‘ಏನೂ ತಿಂದಿಲ್ಲ ಡಾಕ್ಟ್ರೇ, ಬರೀ ಕಾಫಿ’ ಎಂಬ ಮಾತನ್ನು ನಾನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಹಾಲಿನ ಜಿಡ್ಡು ಸಾಕು, ಪಿತ್ತಕೋಶ ಕುಗ್ಗಿಬಿಡುತ್ತದೆ. ಕುಗ್ಗಿದ ಪಿತ್ತಕೋಶದ ಗೋಡೆ ಇರುವುದಕ್ಕಿಂತ ದಪ್ಪಗೆ ಕಾಣುತ್ತದೆ, ಒಳಪದರ ಮಡಿಕೆ ಮಡಿಕೆಯಾಗುತ್ತದೆ, ಮತ್ತು ಆ ಮಡಿಕೆಗಳ ನಡುವೆ 4 ಮಿ.ಮೀ. ಪಾಲಿಪ್ ಒಂದಿದ್ದರೆ ಅದನ್ನು ಕಾಣುವುದೂ ಕಷ್ಟ, ಇಲ್ಲದ ಪಾಲಿಪ್ಪನ್ನು ಇದೆ ಎಂದುಕೊಳ್ಳುವುದೂ ಸುಲಭ. ಬರಿ ನೀರು ಕುಡಿಯಬಹುದು. ಇಡೀ ಹೊಟ್ಟೆಯ ಸ್ಕ್ಯಾನಿಂಗ್ ಆದರೆ ಮೂತ್ರಕೋಶ ತುಂಬಲೆಂದು ನೀರು ಕುಡಿಯಿರಿ ಎಂದು ಸ್ಕ್ಯಾನಿಂಗ್ ಕೇಂದ್ರದವರೇ ಹೇಳುತ್ತಾರೆ.

ಸಕ್ಕರೆ ಕಾಯಿಲೆಗೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಬೆಳಗಿನ ಮೊದಲ ಸರದಿಯನ್ನು ಕೇಳಿ ಪಡೆಯಬೇಕು, ಮತ್ತು ಆ ದಿನದ ಔಷಧಿಯನ್ನು ಯಾವಾಗ ತೆಗೆದುಕೊಳ್ಳಬೇಕೆಂದು ತಮ್ಮ ವೈದ್ಯರನ್ನು ಮೊದಲೇ ಕೇಳಿಕೊಳ್ಳಬೇಕು. ಎಂದಿನಂತೆ ಔಷಧಿ ತೆಗೆದುಕೊಂಡು, ತಿಂಡಿ ತಿನ್ನದೆ ಸಾಲಿನಲ್ಲಿ ಕಾದು ಕುಳಿತರೆ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿಯಬಹುದು. ಹಿಂದಿನ ಸ್ಕ್ಯಾನಿಂಗ್‌ನ ರಿಪೋರ್ಟನ್ನೂ ಫಿಲ್ಮನ್ನೂ ಚೀಲದಲ್ಲಿ ಇಟ್ಟುಕೊಂಡೇ ಬನ್ನಿ.

ಪ್ರೋಬ್ ಇಟ್ಟು ನೋಡುವುದು

ಅಲ್ಟ್ರಾಸೌಂಡ್ ಎಂದರೆ ಕಿವಿಗೆ ಕೇಳಿಸದಷ್ಟು ಹೆಚ್ಚಿನ ಕಂಪನದ ಶಬ್ದ. ಪ್ರೋಬ್ ಆ ಶಬ್ದವನ್ನು ಒಳಗೆ ಕಳಿಸಿ, ಮರಳಿ ಬರುವ ಪ್ರತಿಧ್ವನಿಯಿಂದ ಚಿತ್ರ ಕಟ್ಟುತ್ತದೆ. ಇದರಲ್ಲಿ ಎಕ್ಸ್‌ರೇಯಂಥ ವಿಕಿರಣ ಇಲ್ಲ. ಹಾಗಾಗಿ ಮತ್ತೆ ಮತ್ತೆ ಮಾಡಿಸಲು ಅಂಜಬೇಕಾಗಿಲ್ಲ. ಚರ್ಮಕ್ಕೆ ಹಚ್ಚುವ ತಣ್ಣನೆಯ ಜೆಲ್ ಪ್ರೋಬ್‌ಗೂ ಚರ್ಮಕ್ಕೂ ನಡುವಿನ ಗಾಳಿಯನ್ನು ತೆಗೆಯುವುದಕ್ಕಾಗಿ. ಗಾಳಿ ಇದ್ದಲ್ಲಿ ಶಬ್ದ ಮುಂದೆ ಹೋಗುವುದಿಲ್ಲ.

ಹೊಟ್ಟೆಗೆ ಬಳಸುವುದು 2ರಿಂದ 5 ಮೆಗಾಹರ್ಟ್ಜ್‌ನ, ಮುಖ ಬಾಗಿದ ಪ್ರೋಬ್. ರೋಗಿಯನ್ನು ಅಂಗಾತ ಮಲಗಿಸಿ, ಬಲಪಕ್ಕೆಲುಬಿನ ಅಂಚಿನ ಕೆಳಗೆ ಪ್ರೋಬ್ ಇಟ್ಟು, ‘ಉಸಿರು ಜೋರಾಗಿ ಎಳೆದುಕೊಂಡು ಹಿಡಿದುಕೊಳ್ಳಿ’ ಎನ್ನುತ್ತೇವೆ. ಉಸಿರು ತುಂಬಿದಾಗ ಎದೆಗೂ ಹೊಟ್ಟೆಗೂ ನಡುವಿನ ವಪೆ ಕೆಳಗಿಳಿದು, ಅದರೊಂದಿಗೆ ಲಿವರೂ ಪಿತ್ತಕೋಶವೂ ಪಕ್ಕೆಲುಬಿನ ಮರೆಯಿಂದ ಹೊರಗೆ ಬರುತ್ತವೆ. ಕೆಲವರಲ್ಲಿ ಕರುಳಿನ ಗಾಳಿ ಅಡ್ಡ ಬಂದು ಏನೂ ಕಾಣುವುದಿಲ್ಲ. ಆಗ ಪಕ್ಕೆಲುಬುಗಳ ನಡುವಿನ ಸಂದಿನಿಂದ, ಲಿವರನ್ನೇ ಕಿಟಕಿಯಂತೆ ಬಳಸಿಕೊಂಡು ನೋಡಬೇಕು.

ತುಂಬಿದ ಪಿತ್ತಕೋಶ ಪರದೆಯ ಮೇಲೆ ನುಣುಪಾದ ಅಂಚಿನ ಕಪ್ಪು ಪೇರಲೆಯಂತೆ ಕಾಣುತ್ತದೆ. ಪಿತ್ತರಸ ನೀರಿನಂತಿರುವುದರಿಂದ ಪ್ರತಿಧ್ವನಿ ಇಲ್ಲ, ಹಾಗಾಗಿ ಕಪ್ಪು. ಸುತ್ತಲೂ ಬೂದುಬಣ್ಣದ ಲಿವರ್. ಗೋಡೆ ತೆಳುವಾದ ಬಿಳಿ ಗೆರೆ. ಖಾಲಿ ಹೊಟ್ಟೆಯಲ್ಲಿ ಅದು 3 ಮಿ.ಮೀ. ಮೀರಬಾರದು. ಈ ಕಪ್ಪಿನ ಅಂಚಿನಲ್ಲಿ, ಗೋಡೆಗೆ ತಾಗಿ, ಬೂದು ಅಥವಾ ಬಿಳಿಯ ಚಿಕ್ಕ ಮಣಿಯಂತೆ ಪಾಲಿಪ್ ಕಾಣಿಸಿಕೊಳ್ಳುತ್ತದೆ.

ಕಿರಿಯ ವೈದ್ಯರಿಗೆ ಒಂದೆರಡು ಮಾತು. ಗೇನ್, ಅಂದರೆ ಪ್ರತಿಧ್ವನಿಯನ್ನು ಎತ್ತಿ ತೋರಿಸುವ ಮಟ್ಟ, ಹೆಚ್ಚಾಗಿದ್ದರೆ ಪಿತ್ತರಸದ ತುಂಬ ಸುಳ್ಳು ಚುಕ್ಕೆಗಳು ತುಂಬಿಕೊಳ್ಳುತ್ತವೆ. ಕಡಿಮೆಯಾದರೆ ಸಣ್ಣ ಪಾಲಿಪ್ ಮಾಯವಾಗುತ್ತದೆ. ಚಿತ್ರವನ್ನು ನಿಚ್ಚಳವಾಗಿಸುವ ಹಾರ್ಮೋನಿಕ್ ಇಮೇಜಿಂಗ್ ಇದ್ದರೆ ಹಾಕಿಕೊಳ್ಳಿ, ಫೋಕಸ್ಸನ್ನು ಪಿತ್ತಕೋಶದ ಆಳಕ್ಕೇ ಇಡಿ. ಪಿತ್ತಕೋಶದ ತುದಿ ಹೊಟ್ಟೆಯ ಗೋಡೆಗೆ ತೀರ ಹತ್ತಿರ ಬರುವುದರಿಂದ ಅಲ್ಲಿನ ಚಿತ್ರ ಮಸುಕಾಗುತ್ತದೆ; ತೆಳ್ಳಗಿರುವವರಲ್ಲಿ ಹೆಚ್ಚು ಕಂಪನದ, ಮುಖ ಚಪ್ಪಟೆಯಾದ ಲೀನಿಯರ್ ಪ್ರೋಬ್‌ನಿಂದ ಆ ತುದಿಯನ್ನು ಪ್ರತ್ಯೇಕವಾಗಿ ನೋಡುವುದನ್ನು ಬಿಡಬೇಡಿ. ಪಿತ್ತಕೋಶದ ಕೊರಳು ಮತ್ತೊಂದು ಮೋಸದ ಜಾಗ. ಅಲ್ಲಿ ಗೋಡೆ ಸಹಜವಾಗಿಯೇ ಮಡಚಿಕೊಂಡಿರುತ್ತದೆ, ಆ ಮಡಿಕೆ ಅಡ್ಡ ಕತ್ತರಿಸಿದಾಗ ಥೇಟ್ ಪಾಲಿಪ್ಪಿನಂತೆ ಕಾಣುತ್ತದೆ. ಪ್ರೋಬನ್ನು 90 ಡಿಗ್ರಿ ತಿರುಗಿಸಿದರೆ ಮಡಿಕೆ ಗೆರೆಯಾಗಿ ಉದ್ದಕ್ಕೆ ಹರಡಿಕೊಳ್ಳುತ್ತದೆ; ಪಾಲಿಪ್ ಎರಡೂ ಕಡೆಯಿಂದ ದುಂಡಗೇ ಉಳಿಯುತ್ತದೆ.

ಹೊರಳಿಸಿ ನೋಡುವುದು

ಈ ಪರೀಕ್ಷೆಯಲ್ಲಿ ಅತಿ ಮುಖ್ಯವಾದ ಹೆಜ್ಜೆ ಇದು, ಸರದಿ ಉದ್ದವಿದ್ದ ದಿನ ಮೊದಲು ಕೈಬಿಟ್ಟುಹೋಗುವುದೂ ಇದೇ.

ಪಾಲಿಪ್ ಗೋಡೆಯ ಭಾಗ. ಗೋಡೆ ಎಲ್ಲಿರುತ್ತದೋ ಅದೂ ಅಲ್ಲಿಯೇ ಇರುತ್ತದೆ. ಪಿತ್ತಕೋಶದಲ್ಲಿ ಆಗುವ ಕಲ್ಲು ಹಾಗಲ್ಲ, ಚೊಂಬಿನೊಳಗಿನ ಕಲ್ಲಿನ ಹಾಗೆ ಚೊಂಬು ಓರೆಯಾದ ಕಡೆ ಉರುಳುತ್ತದೆ. ಪಿತ್ತರಸ ನಿಂತು ಮಡ್ಡಿಗಟ್ಟಿ ಉಂಟಾಗುವ ಗಸಿ, ಅಂದರೆ ರಿಪೋರ್ಟಿನಲ್ಲಿ ‘ಸ್ಲಡ್ಜ್’ ಎಂದು ಬರೆಯುವಂಥದು, ಪಾತ್ರೆಯನ್ನು ಓರೆ ಮಾಡಿದಾಗ ಹುಣಸೆರಸದ ಗಸಿ ಜಾರುವಂತೆ ನಿಧಾನವಾಗಿ ಜಾರುತ್ತದೆ. ಆದ್ದರಿಂದ ಅಂಗಾತ ಮಲಗಿದಾಗ ಕಂಡ ಚುಕ್ಕೆಯನ್ನು ಎಡಮಗ್ಗುಲಿಗೆ ಹೊರಳಿಸಿ ನೋಡಬೇಕು, ಆಮೇಲೆ ಕೂರಿಸಿ ಅಥವಾ ನಿಲ್ಲಿಸಿ ನೋಡಬೇಕು. ಇನ್ನೂ ಅನುಮಾನ ಉಳಿದರೆ, ಸಾಧ್ಯವಿರುವವರನ್ನು ಮಂಡಿ ಮತ್ತು ಅಂಗೈ ಊರಿ ಬಗ್ಗಿಸಿ ನೋಡಬೇಕು. ಗಸಿಗೆ ಜಾರಲು ಒಂದೆರಡು ನಿಮಿಷ ಕೊಡಬೇಕು. ಹೊರಳಿಸಿದ ಕ್ಷಣದಲ್ಲೇ ‘ಅಲುಗಲಿಲ್ಲ’ ಎಂದು ಬರೆದುಬಿಡುವುದು ತಪ್ಪು.

ಈ ತಪ್ಪನ್ನು ನಾನು ಮಾಡಿದ್ದೇನೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ, ಮಂಡಿನೋವಿನಿಂದ ಹೊರಳಲು ಕಷ್ಟಪಡುತ್ತಿದ್ದ ಒಬ್ಬ ಹಿರಿಯ ತಾಯಿಯನ್ನು ಅಂಗಾತ ಮಲಗಿಸಿಯೇ ನೋಡಿ, ‘7 ಮಿ.ಮೀ. ಪಾಲಿಪ್’ ಎಂದು ಬರೆದೆ. ಕೆಲವು ತಿಂಗಳ ಮೇಲೆ ಅವರು ಮತ್ತೆ ಬಂದಾಗ ಮಗಳ ಸಹಾಯದಿಂದ ಎಡಮಗ್ಗುಲಿಗೆ ತಿರುಗಿಸಿದೆವು. ನೋಡುತ್ತಿದ್ದಂತೆ ಆ ಬಿಳಿ ಮಣಿ ಪಿತ್ತಕೋಶದ ಹಿಂಗೋಡೆಯನ್ನು ಬಿಟ್ಟು, ಕಪ್ಪು ರಸದಲ್ಲಿ ಮೆಲ್ಲಗೆ ಉರುಳಿ ತುದಿಗೆ ಹೋಗಿ ನಿಂತಿತು. ಅಲ್ಲಿ ಅದರ ಹಿಂದೆ ತೆಳುವಾದ ನೆರಳೂ ಬಿತ್ತು. ಅದು ಕಲ್ಲು. ಆ ತಿಂಗಳುಗಳಷ್ಟೂ ಆ ಮನೆಯವರು ಗಡ್ಡೆ ಎಂದು ನಂಬಿ ಅನುಭವಿಸಿದ ಸಂಕಟಕ್ಕೆ ನನ್ನ ಅವಸರವೇ ಕಾರಣವಾಗಿತ್ತು. ಅಂದಿನಿಂದ ಹೊರಳಿಸದೆ ಪಾಲಿಪ್ ಎಂದು ಬರೆಯುವುದಿಲ್ಲ; ಹೊರಳಿಸಲು ಆಗಲೇ ಇಲ್ಲವೆಂದರೆ, ಆಗಲಿಲ್ಲ ಎಂಬುದನ್ನೇ ರಿಪೋರ್ಟಿನಲ್ಲಿ ಬರೆಯುತ್ತೇನೆ.

ನಿಮ್ಮನ್ನು ಯಾರೂ ಹೊರಳಲು ಹೇಳದೆ ಎರಡು ನಿಮಿಷದಲ್ಲಿ ಪರೀಕ್ಷೆ ಮುಗಿಸಿ ಪಾಲಿಪ್ ಎಂದು ಬರೆದಿದ್ದರೆ, ಗಾಬರಿಯಾಗುವ ಮೊದಲು ಖಾಲಿ ಹೊಟ್ಟೆಯಲ್ಲಿ ಇನ್ನೊಮ್ಮೆ ಸರಿಯಾಗಿ ಮಾಡಿಸಿಕೊಳ್ಳಿ. ಹೀಗೆ ಕೇಳುವುದರಲ್ಲಿ ಸಂಕೋಚವೇನೂ ಬೇಡ.

ನೆರಳು, ಬಾಲ, ರಕ್ತದ ಹರಿವು

ಕಲ್ಲು ಶಬ್ದವನ್ನು ತಡೆದು ಹಿಂದಕ್ಕೆ ಕಳಿಸುತ್ತದೆ. ಹಾಗಾಗಿ ಅದರ ಹಿಂಭಾಗದಲ್ಲಿ, ದೀಪದೆದುರು ಕೈ ಹಿಡಿದಂತೆ, ಕಪ್ಪು ನೆರಳಿನ ಪಟ್ಟಿ ಬೀಳುತ್ತದೆ. ಪಾಲಿಪ್ ಮೃದುವಾದ ಮಾಂಸ, ಶಬ್ದ ಅದನ್ನು ದಾಟಿ ಹೋಗುತ್ತದೆ, ನೆರಳು ಬೀಳುವುದಿಲ್ಲ. ರಿಪೋರ್ಟಿನಲ್ಲಿ ‘ನಾನ್-ಮೊಬೈಲ್, ನೋ ಪೋಸ್ಟೀರಿಯರ್ ಶ್ಯಾಡೋಯಿಂಗ್’ ಎಂದು ಜೋಡಿಯಾಗಿ ಬರುವ ಪದಗಳು ಇವನ್ನೇ ಹೇಳುತ್ತವೆ: ಅಲುಗಲಿಲ್ಲ, ನೆರಳಿಲ್ಲ. ಎರಡೂ ಬೇಕು, ಏಕೆಂದರೆ ಗೋಡೆಗೆ ಕಚ್ಚಿಕೊಂಡ ಕಲ್ಲು ಅಲುಗುವುದಿಲ್ಲ, ತೀರ ಚಿಕ್ಕ ಕಲ್ಲಿಗೆ ನೆರಳು ಕಾಣಿಸದಿರಬಹುದು.

ಕೆಲವು ಚುಕ್ಕೆಗಳ ಹಿಂದೆ ನೆರಳಿನ ಬದಲು ಹೊಳೆಯುವ ಮೊನಚು ಬಾಲ ಕಾಣುತ್ತದೆ. ಧೂಮಕೇತುವಿನ ಬಾಲವನ್ನು ಹೋಲುವುದರಿಂದ ಅದಕ್ಕೆ ಕಾಮೆಟ್-ಟೇಲ್ ಎಂದೇ ಹೆಸರು. ಕೊಲೆಸ್ಟೆರಾಲ್ ಹರಳುಗಳ ನಡುವೆ ಶಬ್ದ ಹಿಂದಕ್ಕೂ ಮುಂದಕ್ಕೂ ಪುಟಿಯುವುದರಿಂದ ಇದು ಉಂಟಾಗುತ್ತದೆ. ದಪ್ಪಗಾದ ಗೋಡೆಯೊಳಗೆ ಸಣ್ಣ ಗೂಡುಗಳೂ ಈ ಬಾಲಗಳೂ ಒಟ್ಟಿಗೆ ಕಂಡರೆ ಅದು ಅಡೆನೊಮಯೊಮಟೋಸಿಸ್ ಎನ್ನಲು ಬಲವಾದ ಆಧಾರ ಸಿಕ್ಕಂತೆ. ರಕ್ತದ ಹರಿವನ್ನು ಬಣ್ಣದಲ್ಲಿ ತೋರಿಸುವ ಕಲರ್ ಡಾಪ್ಲರ್ ಹಾಕಿದಾಗ ಅದೇ ಜಾಗ ಬಣ್ಣಬಣ್ಣವಾಗಿ ಮಿನುಗುವುದೂ ಉಂಟು. ಆ ಮಿನುಗನ್ನು ರಕ್ತದ ಹರಿವೆಂದು ತಿಳಿಯಬಾರದು.

ಡಾಪ್ಲರ್‌ನಿಂದ ಮತ್ತೊಂದು ಉಪಯೋಗವಿದೆ. ಉಂಡೆಗಟ್ಟಿದ ಗಸಿ ಕೆಲವೊಮ್ಮೆ ದೊಡ್ಡ ಗಡ್ಡೆಯಂತೆ ಕಂಡು ಹೆದರಿಸುತ್ತದೆ, ಆದರೆ ಗಸಿಯಲ್ಲಿ ರಕ್ತನಾಳ ಇರಲು ಸಾಧ್ಯವಿಲ್ಲ. ಉಬ್ಬಿನೊಳಗೆ ನಿಜವಾದ ಹರಿವು ಕಂಡರೆ ಅದು ಜೀವಂತ ಮಾಂಸವೇ. ಹರಿವು ಕಾಣಲಿಲ್ಲವೆಂದ ಮಾತ್ರಕ್ಕೆ ಪಾಲಿಪ್ ಅಲ್ಲ ಎನ್ನುವಂತಿಲ್ಲ, ಏಕೆಂದರೆ 4–5 ಮಿ.ಮೀ. ಪಾಲಿಪ್ಪಿನ ರಕ್ತನಾಳ ಯಂತ್ರಕ್ಕೆ ಸಿಗದಷ್ಟು ಸಣ್ಣದು.

ಬುಡ ಮತ್ತು ಅದರ ಸುತ್ತಲಿನ ಗೋಡೆ

ಚುಕ್ಕೆ ಪಾಲಿಪ್ಪೇ ಎಂದು ಗೊತ್ತಾದ ಮೇಲೆ, ಅದು ಗೋಡೆಗೆ ಹೇಗೆ ಅಂಟಿದೆ ಎಂದು ನೋಡಬೇಕು. ತೆಳುವಾದ ತೊಟ್ಟಿನಿಂದ ತೂಗುತ್ತಿರುವುದು ಅಥವಾ ಗೋಡೆಗೆ ಒಂದೇ ಬಿಂದುವಿನಲ್ಲಿ ತಾಗಿ ಕುಳಿತ ಮಣಿಯಂತಿರುವುದು ಅತಿ ಕಡಿಮೆ ಚಿಂತೆಯ ಬಗೆ. ರಿಪೋರ್ಟಿನಲ್ಲಿ ಇದನ್ನು ಪೆಡಂಕ್ಯುಲೇಟೆಡ್ ಎನ್ನುತ್ತಾರೆ. ಅಗಲವಾದ ಬುಡದೊಂದಿಗೆ ಗೋಡೆಗೆ ಚಪ್ಪಟೆಯಾಗಿ ಕುಳಿತಿರುವುದು ಸೆಸೈಲ್, ಅದಕ್ಕೆ ಹೆಚ್ಚು ಗಮನ ಬೇಕು. ಪಾಲಿಪ್ಪಿನ ಬುಡದ ಅಕ್ಕಪಕ್ಕ ಗೋಡೆ 4 ಮಿ.ಮೀ.ಗಿಂತ ದಪ್ಪಗಾಗಿದ್ದರೆ, ಗೋಡೆಗೂ ಲಿವರಿಗೂ ನಡುವಿನ ಗೆರೆ ಅಳಿಸಿಹೋಗಿದ್ದರೆ, ಹತ್ತಿರದಲ್ಲಿ ದುಗ್ಧಗ್ರಂಥಿಗಳು ಊದಿದ್ದರೆ, ಅದು ಕಾದು ನೋಡುವ ವಿಷಯವಾಗಿ ಉಳಿಯುವುದಿಲ್ಲ, ಸಿ.ಟಿ. ಅಥವಾ ಎಂ.ಆರ್.ಐ. ಮತ್ತು ಶಸ್ತ್ರವೈದ್ಯರ ಭೇಟಿ ತಡವಿಲ್ಲದೆ ಆಗಬೇಕು.

ಎಷ್ಟಿವೆ ಎಂಬುದನ್ನೂ ಬರೆಯಬೇಕು. ಮೂರು, ನಾಲ್ಕು ಎಂದು ಒಂದೇ ತೆರನಾದ ಚಿಕ್ಕ ಬಿಳಿ ಮಣಿಗಳಿದ್ದರೆ ಕೊಲೆಸ್ಟೆರಾಲ್ ಪಾಲಿಪ್ ಆಗಿರುವ ಸಂಭವ ಹೆಚ್ಚು. ಓದುವವರು ‘ಮಲ್ಟಿಪಲ್’ ಎಂಬ ಪದಕ್ಕೆ ಹೆದರುವುದನ್ನು ನೋಡಿದ್ದೇನೆ, ಆದರೆ ಇಲ್ಲಿ ಅದು ಸಮಾಧಾನದ ಪದ.

ಅಳತೆ

ಪಾಲಿಪ್ಪಿನ ಅತಿ ಉದ್ದವಾದ ಅಳತೆಯನ್ನು ತೆಗೆದುಕೊಂಡು, ಮಿಲಿಮೀಟರಿನಲ್ಲಿ ಪೂರ್ಣಸಂಖ್ಯೆಯಾಗಿ ಬರೆಯುವುದು ಕ್ರಮ. ಚಿತ್ರವನ್ನು ದೊಡ್ಡದಾಗಿಸಿ, ಚಲನೆ ನಿಂತ ಕ್ಷಣದಲ್ಲಿ ಹಿಡಿದು, ಎರಡು ದಿಕ್ಕಿನಿಂದ ಅಳೆದು, ಅಳತೆಯ ಗುರುತುಗಳ ಸಹಿತ ಚಿತ್ರವನ್ನು ಉಳಿಸಬೇಕು. ಹಲವು ಇದ್ದರೆ ಅತಿ ದೊಡ್ಡದರ ಅಳತೆಯೂ ಅದು ತುದಿ, ನಡುಭಾಗ, ಕೊರಳು ಇವುಗಳಲ್ಲಿ ಎಲ್ಲಿದೆ ಎಂಬುದೂ ಬೇಕೇ ಬೇಕು. ‘ಸ್ಮಾಲ್ ಪಾಲಿಪ್’ ಎಂದಷ್ಟೇ ಬರೆದ ರಿಪೋರ್ಟು ಆರು ತಿಂಗಳ ಮೇಲೆ ಯಾರ ಉಪಯೋಗಕ್ಕೂ ಬರುವುದಿಲ್ಲ.

ಒಂದೇ ಪಾಲಿಪ್ಪನ್ನು ಒಂದೇ ದಿನ ಇಬ್ಬರು ವೈದ್ಯರು ಅಳೆದರೆ 1–2 ಮಿ.ಮೀ. ವ್ಯತ್ಯಾಸ ಬರುವುದು ಮಾಮೂಲು. ಗೋಡೆಗೆ ಅಂಟಿದ ಮಣಿಯ ಅಂಚು ಎಲ್ಲಿ ಮುಗಿಯಿತು, ಗೋಡೆ ಎಲ್ಲಿ ಶುರುವಾಯಿತು ಎಂಬುದು ಕಣ್ಣಿನ ನಿರ್ಣಯ. ಕಳೆದ ವರ್ಷ 4 ಇತ್ತು, ಈ ವರ್ಷ 5 ಆಗಿದೆ ಎಂದು ನಿದ್ದೆಗೆಡುವ ಮೊದಲು ಇದನ್ನು ನೆನಪಿಟ್ಟುಕೊಳ್ಳಿ.

ಅಳತೆಯಿಂದ ತೀರ್ಮಾನಕ್ಕೆ

ಇಲ್ಲಿಂದ ಮುಂದಿನದು ರೇಡಿಯಾಲಜಿಸ್ಟ್, ಶಸ್ತ್ರವೈದ್ಯರು ಮತ್ತು ರೋಗಿ ಕೂಡಿ ಮಾಡುವ ಕೆಲಸ. ಅದಕ್ಕೆ ದಾರಿ ತೋರುವ ಎರಡು ಮಾರ್ಗಸೂಚಿಗಳು ಇವೆ, ಎರಡೂ 2022ರವು.

ಯುರೋಪಿನ ನಾಲ್ಕು ವೈದ್ಯ ಸಂಘಗಳು 2017ರಲ್ಲಿ ಹೊರಡಿಸಿ 2022ರಲ್ಲಿ ಪರಿಷ್ಕರಿಸಿದ ಸೂಚಿಯ ಪ್ರಕಾರ, ಪಾಲಿಪ್ 10 ಮಿ.ಮೀ. ಅಥವಾ ಹೆಚ್ಚಿದ್ದು ರೋಗಿ ಶಸ್ತ್ರಚಿಕಿತ್ಸೆಯನ್ನು ತಾಳುವಂತಿದ್ದರೆ ಪಿತ್ತಕೋಶವನ್ನು ತೆಗೆಯುವುದು ಒಳ್ಳೆಯದು. 6ರಿಂದ 9 ಮಿ.ಮೀ. ಇದ್ದಾಗ ಅಪಾಯದ ಅಂಶಗಳನ್ನು ನೋಡುತ್ತಾರೆ: 60 ದಾಟಿದ ವಯಸ್ಸು, ಪಿತ್ತನಾಳಗಳು ಉರಿಯೂತದಿಂದ ಕಿರಿದಾಗುವ ಪ್ರೈಮರಿ ಸ್ಕ್ಲೀರೋಸಿಂಗ್ ಕೊಲಾಂಜೈಟಿಸ್ ಎಂಬ ಕಾಯಿಲೆ, ಏಷ್ಯಾ ಮೂಲ, ಅಗಲ ಬುಡದ ಪಾಲಿಪ್. ಇವುಗಳಲ್ಲಿ ಒಂದಿದ್ದರೂ ಶಸ್ತ್ರಚಿಕಿತ್ಸೆಯ ಸಲಹೆ; ಇಲ್ಲದಿದ್ದರೆ 6 ತಿಂಗಳು, 1 ವರ್ಷ ಮತ್ತು 2 ವರ್ಷಕ್ಕೆ ಮರುಸ್ಕ್ಯಾನಿಂಗ್. 5 ಮಿ.ಮೀ. ಅಥವಾ ಕಡಿಮೆ ಇದ್ದು ಅಪಾಯದ ಅಂಶವಿದ್ದರೂ ಅದೇ ಮರುಸ್ಕ್ಯಾನಿಂಗ್. ಅಪಾಯದ ಅಂಶ ಇಲ್ಲದಿದ್ದರೆ ಮತ್ತೆ ನೋಡುವ ಅಗತ್ಯವೇ ಇಲ್ಲ.

ಅಮೆರಿಕದ ಅಲ್ಟ್ರಾಸೌಂಡ್ ರೇಡಿಯಾಲಜಿಸ್ಟರ ಸಂಘ ಅದೇ ವರ್ಷ ಬೇರೆ ದಾರಿ ಹಿಡಿಯಿತು. ಅದು ರೋಗಿ ಯಾವ ಮೂಲದವರೆಂದು ಲೆಕ್ಕಿಸದೆ ಪಾಲಿಪ್ಪಿನ ಆಕಾರಕ್ಕೆ ಹೆಚ್ಚು ತೂಕ ಕೊಡುತ್ತದೆ. ತೆಳು ತೊಟ್ಟಿನದು ಅಥವಾ ಗೋಡೆಯ ಮೇಲಿನ ಮಣಿಯಂಥದು 9 ಮಿ.ಮೀ.ವರೆಗೆ ಇದ್ದರೆ ಮರುಸ್ಕ್ಯಾನಿಂಗ್ ಬೇಡ ಎನ್ನುತ್ತದೆ; ಅಗಲ ಬುಡದ್ದಾದರೆ 6 ಮಿ.ಮೀ.ವರೆಗೆ ಬೇಡ, 7ರಿಂದ 9 ಇದ್ದರೆ ಒಂದು ವರ್ಷಕ್ಕೆ ನೋಡಿ ಎನ್ನುತ್ತದೆ, 15 ಮಿ.ಮೀ. ಮುಟ್ಟಿದರೆ ಯಾವ ಆಕಾರವಾದರೂ ಶಸ್ತ್ರವೈದ್ಯರನ್ನು ಕಾಣಬೇಕು. ಪಾಲಿಪ್ಪಿನ ಪಕ್ಕದ ಗೋಡೆ ದಪ್ಪಗಿದ್ದರೆ 7 ಮಿ.ಮೀ.ಗೇ ಆ ಸಲಹೆ.

‘ಏಷ್ಯಾ ಮೂಲ’ ಎಂಬುದರ ಬಗ್ಗೆ ಸ್ವಲ್ಪ ನಿಂತು ಹೇಳಬೇಕು, ಏಕೆಂದರೆ ಅದು ನಮಗೆ ನೇರವಾಗಿ ತಾಗುವ ಮಾತು. 2017ರ ಸೂಚಿಯಲ್ಲಿ ಅಲ್ಲಿ ‘ಭಾರತೀಯ ಮೂಲ’ ಎಂದೇ ಇತ್ತು. ಈ ಪಟ್ಟಿಯನ್ನು ಅಕ್ಷರಶಃ ಹಿಡಿದರೆ 6 ಮಿ.ಮೀ. ಪಾಲಿಪ್ ಇರುವ ಪ್ರತಿಯೊಬ್ಬ ಕನ್ನಡಿಗನಿಗೂ ಪಿತ್ತಕೋಶ ತೆಗೆಯುವ ಸಲಹೆ ಕೊಡಬೇಕಾಗುತ್ತದೆ. ಆದರೆ ಭಾರತದೊಳಗೆ ಪಿತ್ತಕೋಶದ ಕ್ಯಾನ್ಸರ್ ಒಂದೇ ಸಮನಾಗಿ ಇಲ್ಲ. ಉತ್ತರ ಪ್ರದೇಶ, ಬಿಹಾರ, ಬಂಗಾಳ, ಅಸ್ಸಾಂ ಹೀಗೆ ಗಂಗೆ ಮತ್ತು ಬ್ರಹ್ಮಪುತ್ರದ ಬಯಲಿನಲ್ಲಿ ಅದು ಹೆಚ್ಚು. ದಕ್ಷಿಣದ ರಾಜ್ಯಗಳಲ್ಲಿ ಬಹಳ ಕಡಿಮೆ. ಹಾಗಾಗಿ ಮೈಸೂರಿನ ಅಥವಾ ಧಾರವಾಡದ, 40ರ ಆಸುಪಾಸಿನ, ತೆಳುತೊಟ್ಟಿನ 6 ಮಿ.ಮೀ. ಪಾಲಿಪ್ ಇರುವವರನ್ನು ಮೂಲವೊಂದನ್ನೇ ನೋಡಿ ಶಸ್ತ್ರಚಿಕಿತ್ಸೆಗೆ ಕಳಿಸುವುದು ನನಗೆ ಸರಿಯೆನಿಸುವುದಿಲ್ಲ. ಅಳತೆ, ಬುಡ, ವಯಸ್ಸು, ಬೆಳವಣಿಗೆ ಎಲ್ಲವನ್ನೂ ಒಟ್ಟಿಗಿಟ್ಟು ನೋಡಬೇಕು. ಯುರೋಪಿನಲ್ಲಿ ನೆಲೆಸಿರುವ ಕನ್ನಡಿಗರಿಗೆ ಅಲ್ಲಿನ ವೈದ್ಯರು ಈ ಪಟ್ಟಿಯನ್ನು ಮುಂದಿಟ್ಟು ಶಸ್ತ್ರಚಿಕಿತ್ಸೆಯ ಮಾತೆತ್ತಬಹುದು. ಅದು ತಪ್ಪಲ್ಲ, ಆದರೆ ತಮ್ಮ ಊರು ಯಾವ ಭಾಗದ್ದು, ಪಾಲಿಪ್ಪಿನ ಆಕಾರ ಏನು ಎಂದು ಅವರೊಂದಿಗೆ ಮಾತಾಡಲು ಅವಕಾಶ ಖಂಡಿತ ಇದೆ.

ಚಿಕ್ಕ ಪಾಲಿಪ್ಪಿನ ಭಯವನ್ನು ತಗ್ಗಿಸಲು ಒಂದು ದೊಡ್ಡ ಅಧ್ಯಯನ ನೆರವಾಗಿದೆ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಅಲ್ಟ್ರಾಸೌಂಡ್ ಮಾಡಿಸಿದ್ದ 6 ಲಕ್ಷಕ್ಕೂ ಹೆಚ್ಚು ವಯಸ್ಕರ ದಾಖಲೆಗಳನ್ನು ಪರಿಶೀಲಿಸಿ 2020ರಲ್ಲಿ ಪ್ರಕಟಿಸಿದ ಆ ವರದಿಯಲ್ಲಿ, ಪಾಲಿಪ್ ಇದ್ದವರಲ್ಲಿ ಪಿತ್ತಕೋಶದ ಕ್ಯಾನ್ಸರ್ ಕಂಡದ್ದು 0.053 ಶೇಕಡ, ಇಲ್ಲದವರಲ್ಲಿ 0.054 ಶೇಕಡ. ಅಂದರೆ ವ್ಯತ್ಯಾಸವೇ ಇಲ್ಲ. 2 ಮಿ.ಮೀ. ಮೇಲ್ಪಟ್ಟು ಬೆಳೆಯುವುದು ವರ್ಷಗಳು ಕಳೆದಂತೆ ಅರ್ಧಕ್ಕಿಂತ ಹೆಚ್ಚಿನ ಪಾಲಿಪ್‌ಗಳಲ್ಲಿ ಸಹಜವಾಗಿ ಆಗುತ್ತದೆ ಎಂದೂ ಅದು ತೋರಿಸಿತು.

ಮರುಸ್ಕ್ಯಾನಿಂಗ್

ಮರುಸ್ಕ್ಯಾನಿಂಗ್ ಹೇಳಿದ್ದರೆ, ಸಾಧ್ಯವಾದಷ್ಟೂ ಅದೇ ಕೇಂದ್ರದಲ್ಲಿ, ಅದೇ ಖಾಲಿ ಹೊಟ್ಟೆಯ ನಿಯಮದಲ್ಲಿ ಮಾಡಿಸಿ. ಹಳೆಯ ಚಿತ್ರವನ್ನು ಪಕ್ಕದಲ್ಲಿಟ್ಟುಕೊಂಡು ಅದೇ ಪಾಲಿಪ್ಪನ್ನು ಅದೇ ದಿಕ್ಕಿನಿಂದ ಅಳೆದರೆ ಮಾತ್ರ ಹೋಲಿಕೆಗೆ ಬೆಲೆ. ಯುರೋಪಿನ ಸೂಚಿ 2 ವರ್ಷದೊಳಗೆ 2 ಮಿ.ಮೀ. ಅಥವಾ ಹೆಚ್ಚು ಬೆಳೆದರೆ ಉಳಿದ ಅಂಶಗಳೊಂದಿಗೆ ಮತ್ತೆ ವಿಚಾರಿಸಿ ಎನ್ನುತ್ತದೆ. ಅಮೆರಿಕದ್ದು 12 ತಿಂಗಳೊಳಗೆ 4 ಮಿ.ಮೀ. ಬೆಳೆದರೆ ಮಾತ್ರ ವೇಗದ ಬೆಳವಣಿಗೆ ಎಂದು ಎಣಿಸುತ್ತದೆ. ಅಳತೆಯಲ್ಲೇ 1–2 ಮಿ.ಮೀ. ಏರುಪೇರು ಇರುವುದರಿಂದ ನನ್ನ ಒಲವು ಎರಡನೆಯದರ ಕಡೆಗೆ. ಎರಡು ವರ್ಷ ಬೆಳೆಯದೆ ಇದ್ದರೆ ಯುರೋಪಿನ ಸೂಚಿಯಂತೆ ನೋಡುವುದನ್ನು ನಿಲ್ಲಿಸಬಹುದು. ಕೆಲವೊಮ್ಮೆ ಪಾಲಿಪ್ ಕಾಣೆಯಾಗಿಯೇ ಇರುತ್ತದೆ. ತೊಟ್ಟಿನಿಂದ ಕಳಚಿದ ಕೊಲೆಸ್ಟೆರಾಲ್ ಮಣಿ ಪಿತ್ತರಸದೊಂದಿಗೆ ಹೋಗಿರಬಹುದು. ಆಗ ಮುಂದೆ ಹುಡುಕಬೇಕಾಗಿಲ್ಲ.

ಪಾಲಿಪ್ ಇರುವವರು ಕೇಳುವ ಉಳಿದೆರಡು ಸಂಗತಿ. ಹೊಟ್ಟೆಯುಬ್ಬರ, ಹುಳಿತೇಗು ಇವಕ್ಕೆ 4 ಮಿ.ಮೀ. ಪಾಲಿಪ್ ಕಾರಣವಾಗಿರುವುದು ಅಪರೂಪ, ಅವುಗಳ ಕಾರಣವನ್ನು ಬೇರೆಡೆ ಹುಡುಕಬೇಕು. ಬಲಪಕ್ಕೆಯ ಕೆಳಗೆ ಊಟದ ನಂತರ ಬಂದು ಗಂಟೆಗಟ್ಟಲೆ ಉಳಿಯುವ ನೋವು, ಜ್ವರ, ಕಣ್ಣು ಹಳದಿಯಾಗುವುದು, ಕಾರಣವಿಲ್ಲದೆ ತೂಕ ಇಳಿಯುವುದು ಇವುಗಳಲ್ಲಿ ಯಾವುದಿದ್ದರೂ ಮರುಸ್ಕ್ಯಾನಿಂಗ್‌ನ ತಾರೀಖಿಗೆ ಕಾಯದೆ ವೈದ್ಯರನ್ನು ಕಾಣಬೇಕು. ಎರಡನೆಯದು, ಎಣ್ಣೆ ಮತ್ತು ನಿಂಬೆರಸ ಕುಡಿದು ಪಾಲಿಪ್ ಕರಗಿಸುವ ಉಪಾಯ. ಪಾಲಿಪ್ ಗೋಡೆಯಿಂದ ಬೆಳೆದ ಮಾಂಸ. ಕುಡಿದ ಎಣ್ಣೆ ಅದನ್ನು ಕರಗಿಸದು. ಮರುದಿನ ಮಲದಲ್ಲಿ ಕಾಣುವ ಹಸಿರು ಉಂಡೆಗಳು ಆ ಎಣ್ಣೆಯೇ ಕರುಳಿನಲ್ಲಿ ಸಾಬೂನಿನಂತೆ ಗಟ್ಟಿಯಾದದ್ದು.

ಕೊನೆಗೆ ಶಸ್ತ್ರಚಿಕಿತ್ಸೆಯೇ ತೀರ್ಮಾನವಾದರೆ, ಸಾಮಾನ್ಯವಾಗಿ ಲ್ಯಾಪರೋಸ್ಕೋಪಿಯಿಂದ ಇಡೀ ಪಿತ್ತಕೋಶವನ್ನು ತೆಗೆಯುತ್ತಾರೆ. ಪಾಲಿಪ್ಪನ್ನಷ್ಟೇ ಕಿತ್ತು ತೆಗೆಯುವುದು ಸಾಮಾನ್ಯ ಪದ್ಧತಿಯಲ್ಲ. ತೆಗೆದ ಪಿತ್ತಕೋಶ ಬಯಾಪ್ಸಿಗೆ ಹೋಗಲೇಬೇಕು. ಅಡೆನೋಮವೋ ಕೊಲೆಸ್ಟೆರಾಲೋ ಎಂದು ಸ್ಕ್ಯಾನಿಂಗ್ ಪರದೆಯ ಮೇಲೆ ಹೇಳಲಾಗದೆ ಉಳಿದ ಪ್ರಶ್ನೆಗೆ ಉತ್ತರ ಸಿಗುವುದು ಸೂಕ್ಷ್ಮದರ್ಶಕದ ಕೆಳಗೆ. ಶಸ್ತ್ರಚಿಕಿತ್ಸೆಗೆ ಮುನ್ನವೇ ಆಸ್ಪತ್ರೆಯವರನ್ನು ಇದರ ಬಗ್ಗೆ ಕೇಳಿ, ಡಿಸ್ಚಾರ್ಜ್ ಆದ ಒಂದೆರಡು ವಾರದ ಮೇಲೆ ಹೋಗಿ ಆ ರಿಪೋರ್ಟನ್ನು ಪಡೆದು, ಮೊದಲ ಸ್ಕ್ಯಾನಿಂಗ್ ಫಿಲ್ಮಿನ ಜೊತೆಗೇ ಇಟ್ಟುಕೊಳ್ಳಿ.